ಶಿರಾಡಿ ಘಾಟಿಯಲ್ಲಿ ಆಫ್ ಆದ ಕಾರು, ಐದು ವಾರದ ಹುಡುಕಾಟ

ನಮ್ಮ ಕಾರು ರಿಪೇರಿಯಾಗಿ ಇವತ್ತಿಗೆ ಹದಿನೈದು ದಿನ. ಇನ್ನು ಬರೆಯಬಹುದು ಅನ್ನಿಸಿತು. ಐದು ವಾರ, ಮೂರು ಕಡೆ ಅಲೆದಾಟ, 8,850 ರೂಪಾಯಿ ಖರ್ಚು. ಕೊನೆಗೆ ಸಿಕ್ಕ ತೊಂದರೆ ಬೆರಳುದ್ದದ ಒಂದು ವೈರು. ಚೆಕ್ ಎಂಜಿನ್ ಲೈಟ್ ಹತ್ತಿಕೊಂಡು ಗಾಡಿ ಎಲ್ಲೆಂದರಲ್ಲಿ ಆಫ್ ಆಗ್ತಿದ್ದರೆ ಮೊದಲು ಏನು ಮಾಡಬೇಕು ಅಂತ ನನಗೆ ಯಾರಾದರೂ ಹೇಳಿದ್ದರೆ ಇಷ್ಟು ಸುತ್ತುವ ಕೆಲಸ ಇರುತ್ತಿರಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕಾರು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 84 ಸಾವಿರ ಕಿಲೋಮೀಟರ್. ನಮ್ಮ ಮನೆ ಹಾಸನದಲ್ಲಿ. ಏಪ್ರಿಲ್ ಕೊನೆಯ ಭಾನುವಾರ ಅಮ್ಮನನ್ನು ಕರೆದುಕೊಂಡು ಪುತ್ತೂರಿನ ಅಕ್ಕನ ಮನೆಯಿಂದ ವಾಪಸ್ ಬರ್ತಿದ್ದೆ. ಉಪ್ಪಿನಂಗಡಿ, ನೆಲ್ಯಾಡಿ ದಾಟಿ, ಗುಂಡ್ಯದಲ್ಲಿ ಟೀ ಕುಡಿದು ಘಾಟಿ ಹತ್ತಲು ಶುರು ಮಾಡಿದಾಗ ಮಧ್ಯಾಹ್ನ ಎರಡೂವರೆ. ಮೈಯೆಲ್ಲ ನೀರಾಗುವಂಥ ಸೆಕೆ. ಮುಂದೆ ಒಂದು ಟ್ಯಾಂಕರ್ ತೆವಳುತ್ತಾ ಹೋಗ್ತಿತ್ತು. ಅದರ ಹಿಂದೆ ಎರಡನೇ ಗೇರಲ್ಲಿ ನಾನು. ನನ್ನ ಹಿಂದೆ ಲೋಡ್ ತುಂಬಿದ ಲಾರಿ.

ಒಂದು ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಸದ್ದು ಕತ್ತರಿಸಿದ ಹಾಗೆ ನಿಂತಿತು. ಮುಕ್ಕರಿಸಲಿಲ್ಲ, ಜರ್ಕ್ ಹೊಡೆಯಲಿಲ್ಲ. ಡ್ಯಾಶ್‌ಬೋರ್ಡಿನ ಲೈಟುಗಳೆಲ್ಲ ಒಟ್ಟಿಗೆ ಹತ್ತಿದವು. ಸ್ಟೀರಿಂಗ್ ಕಲ್ಲಿನ ಹಾಗಾಯಿತು. ಗಾಡಿ ಇನ್ನೂ ಗೇರಲ್ಲೇ ಇತ್ತು, ಚಕ್ರ ಇನ್ನೂ ಉರುಳ್ತಿತ್ತು, ಆದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಆಗಲೇ ಸೊನ್ನೆಗೆ ಬಿದ್ದಿತ್ತು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ನನಗೆ ಅದರ ಅರ್ಥ ಗೊತ್ತಾಗಿದ್ದು ಒಂದು ತಿಂಗಳ ಮೇಲೆ.

ಬ್ರೇಕ್ ಒತ್ತಿ ಹಿಡಿದು ಹ್ಯಾಂಡ್ ಬ್ರೇಕ್ ಎಳೆದೆ. ಎಂಜಿನ್ ನಿಂತ ಮೇಲೆ, ನಮ್ಮ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ಮಾತ್ರ ಬಲ ಉಳಿದಿರುತ್ತದೆ. ಗಾಬರಿಯಲ್ಲಿ ಪೆಡಲನ್ನು ಪದೇಪದೇ ತುಳಿದರೆ ಅದೂ ಹೋಗುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಗಾಡಿ ಪೂರ್ತಿ ನಿಲ್ಲುವ ತನಕ ಕೀಲಿಯನ್ನು ಹೊರಗೆ ತೆಗೆಯಲೇಬಾರದು, ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ.

ಹಿಂದಿನ ಲಾರಿಯ ಕ್ಲೀನರ್ ಹುಡುಗ ಇಳಿದು ಓಡಿ ಬಂದು ನನ್ನ ಹಿಂದಿನ ಚಕ್ರಕ್ಕೆ ಮರದ ತುಂಡೊಂದನ್ನು ಒತ್ತಿದ. "ಬಾನೆಟ್ ತೆಗ್ದು ಬಿಡಿ ಸಾರ್, ತಣ್ಣಗಾಗ್ಲಿ" ಅಂದ. ಸೆಲ್ಫ್ ಹೊಡೆದೆ. ಎಂಜಿನ್ ಗಿರಗಿರ ತಿರುಗುತ್ತೆ, ಹಿಡಿಯಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ಅಮ್ಮ ರಸ್ತೆ ಪಕ್ಕದ ಕಟ್ಟೆ ಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಳು. ಐದು ನಿಮಿಷಕ್ಕೊಮ್ಮೆ "ಏನಾಯ್ತೋ?" ಅನ್ನೋಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಪ್ಪತ್ತೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ಉಳಿದ ಲೈಟೆಲ್ಲ ಆರಿದವು. ಎಂಜಿನ್ ಆಕಾರದ ಹಳದಿ ಚೆಕ್ ಎಂಜಿನ್ ಲೈಟ್ ಒಂದು ಉಳಿಯಿತು. ಲಾರಿ ಆಗಲೇ ಹೋಗಿತ್ತು. ಹೊರಡುವ ಮುಂಚೆ ಆ ಹುಡುಗ "ತುಂಡು ಇಟ್ಕೊಳ್ಳಿ ಸಾರ್, ಮೇಲೆ ಬೇಕಾಗ್ಬೋದು" ಅಂದಿದ್ದ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಬಹುದು. ನನ್ನ ಇನ್ಶೂರೆನ್ಸ್ ಪಾಲಿಸಿಯಲ್ಲಿ ದಾರಿ ಮಧ್ಯದ ಸಹಾಯಕ್ಕೆ ಅಂತ ಪ್ರತಿ ವರ್ಷ ದುಡ್ಡು ಕಟ್ಟುತ್ತಿದ್ದೆ. ಅದು ಗೊತ್ತಾಗಿದ್ದು ಮನೆಗೆ ಬಂದು ಪೇಪರ್ ತೆಗೆದು ಓದಿದಾಗ. ಆ ನಂಬರ್ ಈಗ ಫೋನಿನಲ್ಲೂ ಇದೆ, ಗ್ಲೋವ್ ಬಾಕ್ಸಿನ ಚೀಟಿಯಲ್ಲೂ ಇದೆ.

ಸೋಮವಾರ ಬೆಳಗ್ಗೆ ನಾವು ಯಾವಾಗಲೂ ಹೋಗುವ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಕಥೆ ಪೂರ್ತಿ ಕೇಳುವ ಮುಂಚೆಯೇ "ಪೆಟ್ರೋಲಲ್ಲಿ ನೀರು ಸೇರಿದೆ ಸಾರ್, ಈಗಿನ ಪೆಟ್ರೋಲ್ ಹಿಂಗೇ" ಅಂದ. ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಹಾಕಿದ. ಲೈಟ್ ಹೋಯಿತು. "ನೋಡಿ, ಹೋಯ್ತು" ಅಂದ. ನನಗೂ ಸಮಾಧಾನ ಆಯಿತು.

ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದಕ್ಕೆ ಒಪ್ಪಿದ್ದು. ಲೈಟ್ ಹತ್ತಿದೆ ಅಂದರೆ ಏನು ಕೆಟ್ಟಿತು ಅನ್ನೋದನ್ನು ಕಾರಿನ ಕಂಪ್ಯೂಟರ್ ಬರೆದಿಟ್ಟಿದೆ ಅಂತ. ತೊಂದರೆ ಯಾವುದು ಅಂತ ಹೇಳುವ ಕೋಡ್ ನಂಬರ್ ಒಂದೇ ಅಲ್ಲ, ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ಸ್ಪೀಡಲ್ಲಿತ್ತು, ಲೋಡ್ ಎಷ್ಟಿತ್ತು ಅನ್ನೋದೂ ಅದರಲ್ಲಿ ಇರುತ್ತದೆ. ಫ್ರೀಜ್ ಫ್ರೇಮ್ ಅಂತಾರೆ ಅದಕ್ಕೆ. ಎಷ್ಟೋ ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದರೆ ಅದೆಲ್ಲ ಅಳಿಸಿಹೋಗುತ್ತದೆ. ಕೆಟ್ಟದ್ದು ಮಾತ್ರ ಹಾಗೇ ಇರುತ್ತದೆ. ಘಾಟಿಯಲ್ಲಿ ಆಗಿದ್ದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ನಾನೇ ಎದುರಿಗೆ ನಿಂತು ಅಳಿಸಿ ಹಾಕಿಸಿದೆ.

ಆಮೇಲೆ ಟ್ಯಾಂಕ್ ಇಳಿಸಿ ಹತ್ತು ಹನ್ನೊಂದು ಲೀಟರ್ ಪೆಟ್ರೋಲ್ ಚೆಲ್ಲಿ, ಫಿಲ್ಟರ್ ಬದಲಾಯಿಸಿದರು. ಲೇಬರ್ ಸೇರಿ 2,150 ರೂಪಾಯಿ. ಬುಧವಾರ ಸಂಜೆ ಗಾಡಿ ಕೈಗೆ ಬಂತು. ಚೆಲ್ಲಿದ ಪೆಟ್ರೋಲಿನಲ್ಲಿ ನೀರು ಇತ್ತಾ ಅಂತ ಕೇಳಿದರೆ "ಸ್ವಲ್ಪ ಇತ್ತು" ಅಂದರು. ನಾನು ನೋಡಲಿಲ್ಲ. ಪೆಟ್ರೋಲ್ ಮೇಲೆ ಅನುಮಾನ ಇದ್ದರೆ ಒಂದು ಪಾರದರ್ಶಕ ಬಾಟಲಿಗೆ ಹಿಡಿದು ಒಂದರ್ಧ ಗಂಟೆ ಸುಮ್ನೆ ಇಡಿ. ನೀರು ಬೇರೆ ಆಗಿದ್ದರೆ ತಳದಲ್ಲಿ ಗೆರೆ ಹೊಡೆದ ಹಾಗೆ ಬೇರೆ ಪದರ ಕಾಣುತ್ತದೆ. ಬಂಕಿನಲ್ಲಿ ಫಿಲ್ಟರ್ ಪೇಪರ್ ಟೆಸ್ಟ್, ಐದು ಲೀಟರ್ ಅಳತೆ ಟೆಸ್ಟ್ ಮಾಡಿ ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ. ಕೇಳೋಕೆ ಸಂಕೋಚ ಬೇಡ.

ಆರು ದಿನ ಆರಾಮಾಗಿತ್ತು. ಏಳನೇ ದಿನ ಎನ್.ಆರ್. ಸರ್ಕಲ್ ಹತ್ತಿರ ಸಿಗ್ನಲ್ ಬಿಟ್ಟು ಹೊರಡುವಾಗ ಮತ್ತೆ ಆಫ್. ಹಿಂದಿನವರೆಲ್ಲ ಹಾರ್ನ್ ಹೊಡೆಯೋಕೆ ಶುರು. ಇಬ್ಬರು ಆಟೋದವರು ತಳ್ಳಿ ಪಕ್ಕಕ್ಕೆ ಹಾಕಿಕೊಟ್ಟರು. ಹತ್ತು ನಿಮಿಷಕ್ಕೆ ಸ್ಟಾರ್ಟ್ ಆಯಿತು. ಹಳದಿ ಲೈಟ್ ಮತ್ತೆ ಬಂದಿತ್ತು.

ಈ ಸಲ ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡೋಣ ಅಂತ ಫೋನ್ ಮಾಡಿದೆ. ನಾಲ್ಕು ದಿನ ಕಾಯಬೇಕು ಅಂದರು. ಆ ನಾಲ್ಕು ದಿನ ಗಾಡಿ ತೆಗೆಯೋಕೆ ಧೈರ್ಯ ಬರಲಿಲ್ಲ. ಅಮ್ಮನ ಬಿಪಿ ಚೆಕಪ್‌ಗೂ ಆಟೋದಲ್ಲೇ ಹೋದೆವು. ಗಾಡಿ ನಡು ರಸ್ತೆಯಲ್ಲಿ ನಿಲ್ಲುವ ಭಯ ಒಂದು ಸಲ ಮನಸ್ಸಿಗೆ ಹೊಕ್ಕರೆ ಎಂಜಿನ್ನಿನ ಸಣ್ಣ ಸದ್ದಿಗೂ ಎದೆ ಹೊಡೆದುಕೊಳ್ಳುತ್ತದೆ. ಅನುಭವಿಸಿದವರಿಗೆ ಗೊತ್ತಿರುತ್ತದೆ.

ಸರ್ವಿಸ್ ಸೆಂಟರಿನಲ್ಲಿ ಕಾರಿನ ಕಂಪ್ಯೂಟರಿನ ಕೋಡ್ ಓದುವ ಸ್ಕ್ಯಾನ್ ಮಾಡಿದರು, ಅದಕ್ಕೆ ಜಿಎಸ್‌ಟಿ ಸೇರಿ 590. ಥ್ರಾಟಲ್ ಬಾಡಿ ಕ್ಲೀನಿಂಗ್, ಹೊಸ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಎಲ್ಲ ಸೇರಿ 3,940. ಎರಡು ದಿನ ಇಟ್ಟುಕೊಂಡರು. ಸ್ಕ್ಯಾನಲ್ಲಿ ಏನು ಬಂತು ಅಂತ ಕೇಳಿದೆ. "ಸೆನ್ಸರ್ ಎರರ್ ಏನೋ ಇತ್ತು ಸಾರ್, ಕ್ಲಿಯರ್ ಮಾಡಿದೀವಿ" ಅಂದರು. ಯಾವ ಸೆನ್ಸರ್? ಜಾಬ್ ಕಾರ್ಡಿನಲ್ಲಿ ಬರೆದಿರಲಿಲ್ಲ. ಮತ್ತೆ ಬಂದರೆ ಫ್ಯೂಯಲ್ ಪಂಪ್ ಬದಲಾಯಿಸಬೇಕಾಗುತ್ತೆ, ಒಂಬತ್ತು ಸಾವಿರದ ಹತ್ತಿರ ಆಗುತ್ತೆ ಅಂದರು. ಪಂಪ್ ಹಾಳಾಗಿದೆ ಅಂತ ಹೇಗೆ ಗೊತ್ತಾಯಿತು, ಪ್ರೆಷರ್ ನೋಡಿದಿರಾ ಅಂದರೆ ಅದಕ್ಕೆ ಸರಿಯಾದ ಉತ್ತರ ಬರಲಿಲ್ಲ. ನಾನು ಒಪ್ಪಲಿಲ್ಲ. ಅಷ್ಟು ಬುದ್ಧಿ ಆಗ ಬಂದಿದ್ದಕ್ಕೆ ಇವತ್ತಿಗೂ ಖುಷಿ ಇದೆ.

ಸ್ಕ್ಯಾನ್ ಮಾಡಿಸೋಕೆ ದುಡ್ಡು ಕೊಡ್ತೀರಲ್ವಾ, ಕೋಡ್ ನಂಬರನ್ನು ಬಿಲ್ಲಿನಲ್ಲೋ ಜಾಬ್ ಕಾರ್ಡಿನಲ್ಲೋ ಬರೆಸಿಕೊಳ್ಳಿ. ಅಳಿಸುವ ಮುಂಚೆ ಸ್ಕ್ರೀನಿನ ಫೋಟೋ ತೆಗೆದುಕೊಳ್ಳಿ. ನಾಳೆ ಬೇರೆ ಮೆಕ್ಯಾನಿಕ್ ಹತ್ತಿರ ಹೋದರೆ ಅವನಿಗೆ ಬೇಕಾಗಿದ್ದು ಅದೇ.

ಮೂರನೇ ಸಲ ಆಗಿದ್ದು ಶಾಂತಿಗ್ರಾಮದ ಟೋಲಿನಲ್ಲಿ, ಚನ್ನರಾಯಪಟ್ಟಣಕ್ಕೆ ಕೆಲಸದ ಮೇಲೆ ಹೋಗಿ ಬರುವಾಗ. ಕ್ಯೂನಲ್ಲಿ ಗಾಡಿ ಸ್ವಲ್ಪ ಸ್ವಲ್ಪ ಮುಂದಕ್ಕೆ ಬಿಡುತ್ತಾ ಇದ್ದಾಗ ಆಫ್. ಹದಿನೈದು ನಿಮಿಷಕ್ಕೆ ಸ್ಟಾರ್ಟ್. ಹಳದಿ ಲೈಟ್ ಹಾಜರ್. ಈ ಸಲ ಯಾರಿಗೂ ಮುಟ್ಟೋಕೆ ಬಿಡಲಿಲ್ಲ. ಸೀದಾ ಮನೆಗೆ ಬಂದೆ.

ಎದುರು ಮನೆಯಲ್ಲಿ ಡಿಪ್ಲೊಮಾ ಓದುವ ಹುಡುಗ ಇದ್ದಾನೆ. ಅವನ ಹತ್ತಿರ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬ್ಲೂಟೂತ್ ಸ್ಕ್ಯಾನರ್ ಇತ್ತು. ಆನ್‌ಲೈನಲ್ಲಿ ಸಾವಿರದ ಆಸುಪಾಸಿಗೆ ತರಿಸಿದ್ದನಂತೆ. ನಮ್ಮ ದೇಶದಲ್ಲಿ 2013ರ ಏಪ್ರಿಲಿನಿಂದ ಕಾರುಗಳಿಗೆ ಓಬಿಡಿ-2, ಅಂದರೆ ಗಾಡಿ ತನ್ನ ತೊಂದರೆಯನ್ನು ತಾನೇ ಗುರುತಿಸಿ ಬರೆದಿಡುವ ವ್ಯವಸ್ಥೆ, ಕಡ್ಡಾಯ. ಆಮೇಲೆ ಬಂದ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಫೋನಿನಲ್ಲಿ ಆ್ಯಪ್ ತೆಗೆದರೆ ಆಯಿತು. ಎರಡು ನಿಮಿಷದ ಕೆಲಸ.

ಪಿ0335. ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್ 'ಎ', ಸರ್ಕ್ಯೂಟ್.

ಫ್ರೀಜ್ ಫ್ರೇಮಿನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, 97 ಡಿಗ್ರಿ, ಸ್ಪೀಡ್ 6 ಕಿಲೋಮೀಟರ್. ಟೋಲ್ ಕ್ಯೂನಲ್ಲಿ ಆಗಿದ್ದೇ ಅಲ್ಲಿ ಕೂತಿತ್ತು. ಆ ನಂಬರ್ ನೋಡಿದಾಗ ಆದ ನೆಮ್ಮದಿ ಹೇಳಲಾರೆ. ಗಾಡಿ ಇಷ್ಟು ದಿನವೂ ಹೇಳುತ್ತಲೇ ಇತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ.

ಆ ಸೆನ್ಸರ್ ಮಾಡುವ ಕೆಲಸ ಇಷ್ಟು. ಪಿಸ್ಟನ್ನುಗಳು ಮೇಲೆ ಕೆಳಗೆ ಆಡಿದಾಗ ತಿರುಗುವ ದಂಡವೇ ಕ್ರ್ಯಾಂಕ್‌ಶಾಫ್ಟ್. ಅದರ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ಸುಮಾರು ಗಾಡಿಗಳಲ್ಲಿ 60 ಹಲ್ಲಿನ ಜಾಗದಲ್ಲಿ 58 ಮಾತ್ರ ಇಟ್ಟು ಎರಡನ್ನು ಬೇಕಂತಲೇ ಖಾಲಿ ಬಿಟ್ಟಿರುತ್ತಾರೆ. ಖಾಲಿ ಜಾಗ ಸೆನ್ಸರ್ ಮುಂದೆ ಹಾದು ಹೋದಾಗ ಪಿಸ್ಟನ್ ಎಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಪೆಟ್ರೋಲ್ ಯಾವಾಗ ಬಿಡಬೇಕು, ಕಿಡಿ ಯಾವಾಗ ಕೊಡಬೇಕು ಅನ್ನೋದೆಲ್ಲ ಇದನ್ನು ನೋಡಿಕೊಂಡೇ. ಈ ಸಿಗ್ನಲ್ ನಿಂತರೆ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಎಂಜಿನ್ ತಿರುಗುತ್ತಿಲ್ಲ ಅಂದುಕೊಂಡು ಎರಡನ್ನೂ ನಿಲ್ಲಿಸಿಬಿಡುತ್ತದೆ. ಅದಕ್ಕೇ ಮುಕ್ಕರಿಸದೆ ಒಂದೇ ಏಟಿಗೆ ಆಫ್ ಆಗುವುದು.

ಮಾರನೇ ದಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ವಯಸ್ಸಾದವರು, ಎಲ್ಲರೂ ಭಾಯ್ ಅಂತಾರೆ. ತಗಡಿನ ಶೆಡ್ಡು, ಒಂದು ಬೆಂಚು, ಗೋಡೆ ತುಂಬ ಹಳೇ ಸ್ಟಾರ್ಟರ್ ಮೋಟರುಗಳು. ಅವರು ಬಾನೆಟ್ ತೆಗೆಯುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ. "ಬಂದ್ ಆಗೋವಾಗ ಆರ್‌ಪಿಎಂ ಮುಳ್ಳು ಏನ್ ಮಾಡ್ತು ಸಾರ್? ನಿಧಾನ ಇಳೀತಾ, ಪಟ್ ಅಂತ ಬಿತ್ತಾ?"

ಘಾಟಿಯ ತಿರುವು ಕಣ್ಣ ಮುಂದೆ ಬಂತು. ಚಕ್ರ ಉರುಳ್ತಾ ಇದ್ದರೂ ಮುಳ್ಳು ಸೊನ್ನೆಯಲ್ಲಿ ಇದ್ದದ್ದು ಹೇಳಿದೆ. ಅವರು ತಲೆ ಆಡಿಸಿದರು. ಪೆಟ್ರೋಲ್ ಸಿಗದೆ ನಿಂತಿದ್ದರೆ, ಗೇರಲ್ಲಿ ಇರೋ ಗಾಡಿಯ ಎಂಜಿನ್ ಚಕ್ರದ ಜೊತೆ ಇನ್ನೂ ತಿರುಗ್ತಾ ಇರುತ್ತೆ, ಮುಳ್ಳು ಅದಕ್ಕೆ ತಕ್ಕ ಹಾಗೆ ನಿಧಾನ ಇಳಿಯುತ್ತೆ. ತಿರುಗ್ತಾ ಇರೋ ಎಂಜಿನ್ನಿಗೆ ಮುಳ್ಳು ಸೊನ್ನೆ ತೋರಿಸಿದರೆ ಲೆಕ್ಕ ಕೊಡುವವನೇ ಇಲ್ಲ ಅಂತ ಅರ್ಥ. ಸೆಲ್ಫ್ ಹೊಡೆಯುವಾಗಲೂ ನೋಡಬಹುದು. ಎಂಜಿನ್ ತಿರುಗ್ತಿದ್ದರೂ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆಯೇ ಇದ್ದರೆ ಮೊದಲ ಅನುಮಾನ ಈ ಸೆನ್ಸರ್ ಲೈನಿನ ಮೇಲೆ.

ಸೆನ್ಸರ್ ಊರಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಲು ಎರಡು ದಿನ ಹಿಡಿಯಿತು. ಸೆನ್ಸರಿಗೆ 1,420, ಹಾಕಿದ್ದಕ್ಕೆ 300. ಹಳೆಯದನ್ನು ಬಿಚ್ಚಿ ನೋಡಿದಾಗ ಭಾಯ್ "ಇದು ಅಷ್ಟೇನೂ ಕೆಟ್ಟಂಗೆ ಕಾಣ್ತಿಲ್ಲ" ಅಂತ ಗೊಣಗಿದರು. ನಾನೇ "ಹಾಕಿಬಿಡಿ ಭಾಯ್, ಕೋಡ್ ಅದೇ ಅಲ್ವಾ" ಅಂದೆ.

ಆರು ದಿನಕ್ಕೆ ಮತ್ತೆ ಆಫ್. ಮನೆ ಗೇಟಿನ ಮುಂದೆಯೇ, ರಿವರ್ಸ್ ತೆಗೆಯುವಾಗ. ಮತ್ತೆ ಅದೇ ಪಿ0335. ಆ ರಾತ್ರಿ ಊಟ ಸೇರಲಿಲ್ಲ. ಮಾರಿಬಿಡೋಣ ಅಂತ ಅಮ್ಮನಿಗೆ ಹೇಳಿದೆ. ಅಮ್ಮ "ಕೊಂಡುಕೊಂಡೋರೂ ಯಾರ್ದೋ ಮಗನೇ ಅಲ್ವೇನೋ" ಅಂದಳು. ಆ ಮಾತಿನ ಮೇಲೆ ಮಾರುವ ಯೋಚನೆ ಬಿಟ್ಟೆ.

ಬೆಳಗ್ಗೆ ಭಾಯ್ ಫೋನ್ ಎತ್ತಿ ಬೈಯಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. "ಕೋಡ್ ಸರ್ಕ್ಯೂಟ್ ಅಂತ ಹೇಳಿದೆ ಸಾರ್, ಸೆನ್ಸರ್ ಅಂತ ಹೇಳಿಲ್ಲ. ವೈರ್ ನೋಡೋಣ, ಬನ್ನಿ" ಅಂದರು. ಇದೊಂದು ಮಾತನ್ನು ಗ್ಯಾರೇಜಿಗೆ ಹೊರಟವರೆಲ್ಲ ತಿಳಿದುಕೊಳ್ಳಬೇಕು. ಕೋಡ್ ತೋರಿಸುವುದು ಒಂದು ದಾರಿಯನ್ನು. ಆ ದಾರಿಯಲ್ಲಿ ಸೆನ್ಸರ್ ಇದೆ, ಕನೆಕ್ಟರ್ ಇದೆ, ವೈರ್ ಇದೆ, ಆ ಕಡೆ ಕಂಪ್ಯೂಟರ್ ಇದೆ. ಯಾವುದು ಕೆಟ್ಟರೂ ಅದೇ ನಂಬರ್ ಬರುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ ಅಂತ ಒಂದು ಗಂಟೆ ಊರು ಸುತ್ತಿಸಿದರು. ತಣ್ಣಗಿರುವಾಗ ನೋಡಿದರೆ ಪ್ರಯೋಜನ ಇಲ್ಲ, ಎಲ್ಲ ಸರಿಯೇ ಕಾಣುತ್ತದೆ. ಶೆಡ್ಡಿಗೆ ಬಂದು ಎಂಜಿನ್ ಆನ್ ಇಟ್ಟು, ಉದ್ದನೆಯ ಮರದ ಕಡ್ಡಿಯಿಂದ ವೈರಿನ ಕಟ್ಟನ್ನು ಒಂದೊಂದೇ ಜಾಗದಲ್ಲಿ ಮೆಲ್ಲಗೆ ಅಲುಗಾಡಿಸುತ್ತಾ ಬಂದರು. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಹಾಗಾಗಿ ಕೈ ಹಾಕಲಿಲ್ಲ, ನನ್ನನ್ನೂ ಹಾಕೋಕೆ ಬಿಡಲಿಲ್ಲ. ಸೆನ್ಸರ್ ಕನೆಕ್ಟರ್ ಅಲುಗಿಸಿದರು, ಏನೂ ಆಗಲಿಲ್ಲ. ಒಂದಡಿ ಮೇಲೆ ಬಂದರು. ಗೇರ್‌ಬಾಕ್ಸಿನ ಪಕ್ಕ ಕಡ್ಡಿ ತಾಗಿದ್ದೇ ತಡ, ಎಂಜಿನ್ ನಿಂತಿತು.

ಅದೇ ನಿಶ್ಶಬ್ದ. ಘಾಟಿಯಲ್ಲಿ ಕೇಳಿದ್ದೇ. ಈ ಸಲ ಮಾತ್ರ ನನಗೆ ಅದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ಸಂತೋಷ ಆಯಿತು.

ಸೆನ್ಸರಿಗೆ ಮೂರು ವೈರ್. ಒಂದು ಕರೆಂಟಿಗೆ, ಒಂದು ಅರ್ತಿಗೆ, ಒಂದು ಸಿಗ್ನಲಿಗೆ. ಕರಿ ಪ್ಲಾಸ್ಟಿಕ್ ಕೊಳವೆ ಸೀಳಿ ನೋಡಿದರೆ, ಗೇರ್‌ಬಾಕ್ಸಿನ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಸಿಗ್ನಲ್ ವೈರಿನ ಹೊದಿಕೆ ಸವೆದು ಹೋಗಿತ್ತು. ಒಳಗಿನ ತಾಮ್ರ ಹಸಿರು ಬಣ್ಣಕ್ಕೆ ತಿರುಗಿತ್ತು. ಅಷ್ಟು ಎಳೆಗಳಲ್ಲಿ ಮೂರೋ ನಾಲ್ಕೋ ಮಾತ್ರ ಹಿಡಿದುಕೊಂಡಿದ್ದವು. ಭಾಯ್ ಅದನ್ನು ಉಗುರಿನ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದು ತೋರಿಸಿದರು. ತಲೆಕೂದಲಿನಷ್ಟು ಸಣ್ಣ ಎಳೆಗಳು.

"ಇಲ್ಲಿ ಒಂದು ಕ್ಲಿಪ್ ಇರ್ಬೇಕು ಸಾರ್. ಇಲ್ಲ. ಗೇರ್‌ಬಾಕ್ಸ್ ಇಳಿಸಿದ್ರಾ?"

ಇಳಿಸಿದ್ದರು. ಹೋದ ವರ್ಷ ಕ್ಲಚ್ ಪ್ಲೇಟ್ ಬದಲಾಯಿಸಿದಾಗ. ಗೇರ್‌ಬಾಕ್ಸ್ ವಾಪಸ್ ಏರಿಸುವಾಗ ವೈರ್ ಹಿಡಿಯುವ ಆ ಕ್ಲಿಪ್ಪನ್ನು ಹಾಕಿಲ್ಲ. ಅಂದಿನಿಂದ ವೈರ್ ಜೋತು ಬಿದ್ದು ಲೋಹಕ್ಕೆ ತಾಗುತ್ತಾ ಬಂದಿದೆ. ಏರು ಹತ್ತುವಾಗ, ಸಿಗ್ನಲಲ್ಲಿ ಹೊರಡುವಾಗ, ರಿವರ್ಸ್ ತೆಗೆಯುವಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಹಿಂದೆ ಮುಂದೆ ವಾಲುತ್ತದೆ. ವಾಲಿದಾಗ ವೈರ್ ಎಳೆಯುತ್ತದೆ. ಬಿಸಿಗೆ ಹೊದಿಕೆ ಮೆತ್ತಗಾಗಿ ಎಳೆಗಳು ಬಿಟ್ಟುಕೊಳ್ಳುತ್ತವೆ, ತಣ್ಣಗಾದಾಗ ಮತ್ತೆ ಮುಟ್ಟುತ್ತವೆ. ನಾಲ್ಕು ಸಲ ನಿಂತ ನಾಲ್ಕು ಜಾಗಕ್ಕೂ ಅಲ್ಲಿ ಉತ್ತರ ಸಿಕ್ಕಿತು.

ಕೆಟ್ಟ ತುಂಡು ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯಾಗಿ ಕೂರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಹೊಸ ಕ್ಲಿಪ್ಪಿನಿಂದ ಬ್ರಾಕೆಟ್ಟಿಗೆ ತಾಗದ ಹಾಗೆ ಎತ್ತಿ ಕಟ್ಟಿದರು. ಮುಕ್ಕಾಲು ಗಂಟೆಯ ಕೆಲಸ. 450 ರೂಪಾಯಿ. ಸೆನ್ಸರ್ ಹಾಕಿದ ಕೂಲಿ 300 ವಾಪಸ್ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಹಳೇ ಸೆನ್ಸರನ್ನು ಕವರಿನಲ್ಲಿ ಹಾಕಿ ಕೊಟ್ಟರು. ಅದು ಗ್ಲೋವ್ ಬಾಕ್ಸಿನಲ್ಲಿದೆ.

ಇನ್ನೆರಡು ವಿಷಯ, ಈಗ ಲೈಟ್ ಹತ್ತಿಸಿಕೊಂಡು ಇದನ್ನು ಓದುತ್ತಿರುವವರಿಗೆ. ಲೈಟ್ ಸ್ಥಿರವಾಗಿ ಹತ್ತಿದ್ದು, ಗಾಡಿ ಸರಿಯಾಗಿ ಓಡ್ತಿದ್ದರೆ, ಬಿಸಿ ತೋರಿಸುವ ಮೀಟರ್ ಏರಿಲ್ಲದಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗುತ್ತಿದ್ದರೆ ಮಿಸ್‌ಫೈರ್ ಆಗ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಅದು ಬಹಳ ದುಬಾರಿ. ಪಕ್ಕಕ್ಕೆ ನಿಲ್ಲಿಸಿ. ಇನ್ನೊಂದು, ಲೈಟ್ ತಾನಾಗಿಯೇ ಆರಿತು ಅಂತ ಸುಮ್ಮನಾಗಬೇಡಿ. ಸಾಮಾನ್ಯವಾಗಿ ಮೂರು ಸಲ ಗಾಡಿ ಓಡಿಸಿದಾಗಲೂ ತೊಂದರೆ ಕಾಣದಿದ್ದರೆ ಲೈಟ್ ಆರುತ್ತದೆ, ಆದರೆ ಕೋಡ್ ಒಳಗೆ ಇನ್ನೂ ಬಹಳ ದಿನ ಇರುತ್ತದೆ. ಆರಿದ ಮೇಲೂ ಓದಿಸಬಹುದು.

ಜೂನ್ ಮೊದಲ ವಾರ ಮಳೆ ಹಿಡಿದಿತ್ತು. ಅಮ್ಮನನ್ನು ಕರೆದುಕೊಂಡು ಮತ್ತೆ ಪುತ್ತೂರಿಗೆ ಹೋದೆ. ವಾಪಸ್ ಬರುವಾಗ ಗುಂಡ್ಯದಲ್ಲಿ ಟೀ ಕುಡಿದೆವು. ಹೊರಡುವ ಮುಂಚೆ ಅಮ್ಮ ಡಿಕ್ಕಿ ತೆಗೆಸಿ, ಕ್ಲೀನರ್ ಹುಡುಗ ಕೊಟ್ಟ ಮರದ ತುಂಡು ಇದೆಯಾ ಅಂತ ನೋಡಿಕೊಂಡಳು. ಸ್ಕ್ಯಾನರ್ ಸಿಕ್ಕಿಸಿ ಫೋನನ್ನು ಸ್ಟ್ಯಾಂಡಿನಲ್ಲಿ ಇಟ್ಟಿದ್ದೆ, ಯಾವ ಕೋಡೂ ಇರಲಿಲ್ಲ. ಎರಡನೇ ಗೇರಲ್ಲಿ ಒಂದು ಲಾರಿಯ ಹಿಂದೆ ನಿಧಾನಕ್ಕೆ ಹತ್ತಿದೆವು. ಆ ತಿರುವು ಬಂದಾಗ ಇಬ್ಬರೂ ಮಾತಾಡಲಿಲ್ಲ. ಮುಳ್ಳು ಎರಡು ಸಾವಿರದ ಹತ್ತಿರ ಅಲುಗಾಡದೆ ನಿಂತಿತ್ತು. ಮಾರನಹಳ್ಳಿ ದಾಟುವ ಹೊತ್ತಿಗೆ ಅಮ್ಮ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು.